ಪೈಪು ಸಣ್ಣದಾದರೆ ಪಂಪಿಗೆ ಭಾರ

ಕೊಳವೆಬಾವಿಯಲ್ಲಿ ನೀರಿದೆ, ಮೋಟಾರೂ ಹೊಸದು. ಆದರೂ ತೋಟದ ಕೊನೆಯ ಸಾಲಿಗೆ ನೀರು ಸಣ್ಣಗೆ ಬರುತ್ತದೆ. ಇಂಥ ಕಡೆ ಮೊದಲು ಬೈಸಿಕೊಳ್ಳುವುದು ಪಂಪು. ಎಷ್ಟೋ ಸಲ ಕಾರಣ ಇರುವುದು ನಡುವಿನ ಪೈಪಿನಲ್ಲಿ.

ಪೈಪಿನ ಒಳಗೋಡೆಗೆ ತಾಗಿದ ನೀರಿನ ಪದರ ನಿಂತೇ ಇರುತ್ತದೆ. ನಡುವಿನ ನೀರು ಓಡುತ್ತದೆ. ಈ ಎಳೆದಾಟದಲ್ಲಿ, ಅದರಿಂದ ಏಳುವ ಸುಳಿಗಳಲ್ಲಿ ಒತ್ತಡ ಕರಗುತ್ತ ಹೋಗುತ್ತದೆ. ಈ ನಷ್ಟವನ್ನು 'ಹೆಡ್' ಎಂದು ಮೀಟರಿನಲ್ಲಿ ಲೆಕ್ಕ ಹಾಕುತ್ತಾರೆ. 10 ಮೀಟರ್ ಹೆಡ್ ಎಂದರೆ ಸುಮಾರು 1 ಬಾರ್ ಒತ್ತಡ.

ಲೆಕ್ಕದ ಸೂತ್ರಕ್ಕೆ ಇಬ್ಬರ ಹೆಸರಿದೆ. 1845ರಲ್ಲಿ ಅದಕ್ಕೆ ರೂಪ ಕೊಟ್ಟವರು ಜರ್ಮನಿಯ ಯೂಲಿಯಸ್ ವೈಸ್‌ಬಾಖ್. ಫ್ರಾನ್ಸಿನ ದಿಜೋನ್ ಊರಿಗೆ ದೂರದ ಚಿಲುಮೆಯಿಂದ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ, ಬಗೆಬಗೆಯ ಪೈಪುಗಳಲ್ಲಿ ನೀರು ಹರಿಸಿ ಅಳೆದು, ಒಳಮೈ ಒರಟಾದಷ್ಟೂ ನಷ್ಟ ಹೆಚ್ಚೆಂದು 1857ರಲ್ಲಿ ಪ್ರಕಟಿಸಿದರು.

ಸೂತ್ರ ಸರಳ. ಪೈಪಿನ ಉದ್ದವನ್ನು ಒಳವ್ಯಾಸದಿಂದ ಭಾಗಿಸಬೇಕು. ನೀರಿನ ವೇಗದ ವರ್ಗವನ್ನು 19.62ರಿಂದ, ಅಂದರೆ ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಭಾಗಿಸಬೇಕು. ಎರಡನ್ನೂ ಗುಣಿಸಿ, ಅದನ್ನು ಘರ್ಷಣಾಂಕದಿಂದ ಗುಣಿಸಿದರೆ ನಷ್ಟ ಸಿಗುತ್ತದೆ. ಘರ್ಷಣಾಂಕ ಹುಡುಕುವುದೇ ಕಷ್ಟವಾಗಿತ್ತು. 1944ರಲ್ಲಿ ಅಮೆರಿಕದ ಲೂಯಿಸ್ ಮೂಡಿ ಅದನ್ನು ಒಂದೇ ನಕ್ಷೆಯಲ್ಲಿ ಓದಿಕೊಳ್ಳುವಂತೆ ಮಾಡಿದರು.

ಒಂದು ಲೆಕ್ಕ ಮಾಡಿಯೇ ನೋಡಬಹುದು. ಸೆಕೆಂಡಿಗೆ 5 ಲೀಟರ್ ನೀರು 300 ಮೀಟರ್ ದೂರ ಹೋಗಬೇಕು. ಪಿವಿಸಿ ಪೈಪಿನ ಒಳವ್ಯಾಸ 50 ಮಿ.ಮೀ. ಆದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 2.5 ಮೀಟರ್. ನುಣುಪಾದ ಪೈಪಿಗೆ ಇಲ್ಲಿ ಘರ್ಷಣಾಂಕ 0.017ರಷ್ಟು. ಗುಣಿಸಿದರೆ ನಷ್ಟ ಸುಮಾರು 34 ಮೀಟರ್! ಘರ್ಷಣೆಗೇ 2 ಎಚ್‌ಪಿಗೂ ಮಿಕ್ಕ ಶಕ್ತಿ ಹೋಯಿತು. ಅದೇ ನೀರನ್ನು 75 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಕಳಿಸಿದರೆ ವೇಗ 1.1 ಮೀಟರಿಗೆ ಇಳಿಯುತ್ತದೆ, ನಷ್ಟ 5 ಮೀಟರ್ ಒಳಗೇ ನಿಲ್ಲುತ್ತದೆ.

ವ್ಯಾಸ ಒಂದೂವರೆ ಪಟ್ಟು ಆದದ್ದಕ್ಕೆ ನಷ್ಟ ಸುಮಾರು ಏಳರಲ್ಲಿ ಒಂದು ಪಾಲಾಯಿತು. ಹರಿವು ಅಷ್ಟೇ ಇದ್ದಾಗ ನಷ್ಟವು ಹೆಚ್ಚುಕಡಿಮೆ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿರುವುದೇ ಇದಕ್ಕೆ ಕಾರಣ. ಅಂಗಡಿಯಲ್ಲಿ 63, 75, 90 ಎಂದು ಹೇಳುವ ಪಿವಿಸಿ ಅಳತೆ ಹೊರವ್ಯಾಸದ್ದು. ಲೆಕ್ಕಕ್ಕೆ ಬೇಕಾದದ್ದು ಒಳವ್ಯಾಸ. ಗೋಡೆ ದಪ್ಪವಿದ್ದಷ್ಟೂ ಒಳಗಿನ ಜಾಗ ಕಡಿಮೆ.

ಬೆಂಡು, ವಾಲ್ವು, ಫಿಲ್ಟರುಗಳೂ ತಮ್ಮ ಪಾಲು ಕೇಳುತ್ತವೆ. ಹಳೆಯ ಕಬ್ಬಿಣದ ಪೈಪಿನಲ್ಲಿ ತುಕ್ಕು ಗಂಟುಗಟ್ಟಿದರೆ ಒರಟುತನ ಹೆಚ್ಚುವುದರ ಜೊತೆಗೆ ವ್ಯಾಸವೂ ಕುಗ್ಗುತ್ತದೆ.

ಪಂಪು ಕೊಳ್ಳುವ ಮುನ್ನ ಇವನ್ನೆಲ್ಲ ಕೂಡಿಸಬೇಕು. ನೀರಿನ ಮಟ್ಟ 60 ಮೀಟರ್ ಆಳದಲ್ಲಿದೆ, ತೋಟ 10 ಮೀಟರ್ ಎತ್ತರದಲ್ಲಿದೆ, ಡ್ರಿಪ್ ನಡೆಯಲು 10 ಮೀಟರ್ ಹೆಡ್ ಬೇಕು ಎಂದುಕೊಂಡರೆ, ದೊಡ್ಡ ಪೈಪಿನಲ್ಲಿ ಒಟ್ಟು 85 ಮೀಟರ್, ಸಣ್ಣದರಲ್ಲಿ 114 ಮೀಟರ್. ಬಾವಿಯೊಳಗಿನ ಪೈಪು, ಬೆಂಡುಗಳ ನಷ್ಟ ಬೇರೆ. ಪೈಪಿನ ಬೆಲೆಯ ವ್ಯತ್ಯಾಸ ಒಮ್ಮೆ ಕೊಡುವಂಥದ್ದು. ಆ 29 ಮೀಟರಿನ ಹೊರೆಯನ್ನು ಮೋಟಾರು ಓಡುವಷ್ಟು ಹೊತ್ತೂ ಹೊರಬೇಕು.