ಬಿತ್ತುವವನ ಚಿತ್ರ ಮತ್ತು ಸುರೇಬಾನದ ಕೂರಿಗೆ

ಮಕ್ಕಳ ಮುಂದೆ ಹೆಸರಾಂತ ಚಿತ್ರ ಇಟ್ಟರೆ ಅದನ್ನೇ ನಕಲು ಹೊಡೆಯುತ್ತಾರೆ, ಸ್ವಂತ ಕಲ್ಪನೆ ಬತ್ತಿಹೋಗುತ್ತದೆ ಎಂಬ ಅಂಜಿಕೆ ಹಳೆಯದು. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಕಲಾತರಗತಿ ತೆರೆದ ಫ್ರಾಂಜ್ ಚಿಜೆಕ್ ಮಗುವಿನ ಕೈಯನ್ನು ಅದರ ಪಾಡಿಗೆ ಬಿಡಬೇಕೆಂದರು. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ನಕಲು ಮಾಡಿಸುವುದನ್ನು ಬಲವಾಗಿ ವಿರೋಧಿಸಿದರು. ಅವರ ಕಾಳಜಿ ದೊಡ್ಡದು. ಆದರೆ ಮಾದರಿ ಇಲ್ಲದಿದ್ದರೆ ಮಗು ಸ್ವತಂತ್ರವಾಗುತ್ತದೆಯೇ? ನಮ್ಮ ಯಾವ ಶಾಲೆಯಲ್ಲಾದರೂ ‘ನಿಮಗೆ ತಿಳಿದ ಚಿತ್ರ ಬರೆಯಿರಿ’ ಎಂದು ಹೇಳಿ ನೋಡಿ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಂಡೆಗೆ ಬಾಗಿದ ತೆಂಗಿನಮರ. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಲ್ಲಿ ಮಗ್ಗದ ಸದ್ದು ಕೇಳುತ್ತ, ಜೋಳದ ಹೊಲ ನೋಡುತ್ತ ಬೆಳೆದ ಮಗುವಿನ ಹಾಳೆಯ ಮೇಲೂ ಅದೇ ತೆಂಗಿನಮರ. ಯಾರೂ ಕಲಿಸದಿದ್ದರೂ ಅದು ಪಕ್ಕದವರ ಹಾಳೆಯಿಂದ, ಕ್ಯಾಲೆಂಡರಿನಿಂದ ಬಂದ ನಕಲೇ. ನಕಲು ಹೇಗೂ ಆಗುತ್ತದೆ. ಮಗುವಿನ ಕಣ್ಣಿಗೆ ಏನು ಕೊಡುತ್ತೇವೆ, ಕೊಟ್ಟು ಏನು ಕೇಳುತ್ತೇವೆ ಎಂಬುದರಲ್ಲಿ ಪಾಠವಿದೆ.

ಫ್ರಾನ್ಸಿನ ಜಾಂ ಫ್ರಾಂಸ್ವಾ ಮಿಲೆ 1850ರಲ್ಲಿ ಬರೆದ ‘ಬಿತ್ತುವವ’ ಚಿತ್ರವನ್ನೇ ತೆಗೆದುಕೊಳ್ಳೋಣ. ಇಳಿಜಾರು ಹೊಲದಲ್ಲಿ ರೈತನೊಬ್ಬ ದಾಪುಗಾಲು ಹಾಕುತ್ತ, ಕೈಬೀಸಿ ಬೀಜ ಚೆಲ್ಲುತ್ತಿದ್ದಾನೆ. ಸುರೇಬಾನದ ಮಗುವಿಗೆ ಮೊದಲು ಏಳಬೇಕಾದ ಪ್ರಶ್ನೆ, ಕೂರಿಗೆ ಎಲ್ಲಿ? ಸಾಲು ಹಿಡಿಯದೆ ಹೀಗೆ ಚೆಲ್ಲಿದರೆ ಎಡೆ ಹೊಡೆಯುವುದು ಹೇಗೆ? ಅಲ್ಲಿಗೆ ಮಗು ಚಿತ್ರದೊಳಗೆ ಕಾಲಿಟ್ಟಾಯಿತು. ರೈತನ ಮುಖ ನೆರಳಲ್ಲಿ ಮುಚ್ಚಿಹೋಗಿದೆ. ಆದರೂ ಅವನ ಬಿರುಸು ಗೊತ್ತಾಗುವುದು ಯಾವುದರಿಂದ? ಕಾಲಿನ ಅಂತರದಿಂದ, ಚಾಚಿದ ತೋಳಿನಿಂದ. ಇಷ್ಟು ಕಂಡ ಮೇಲೆ ಚಿತ್ರವನ್ನು ತೆಗೆದಿಟ್ಟು, ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆಯುವ ಹೆಣ್ಣುಮಗಳನ್ನು ಬರೆಯಲು ಹೇಳಬೇಕು. ಮುಖ ತೋರಿಸದೆ ದುಡಿಮೆ ತೋರಿಸುವ ಉಪಾಯ ಮಿಲೆಯದು, ಹೊಲ ಮಗುವಿನದು. ವಿನ್ಸೆಂಟ್ ವ್ಯಾನ್ ಗೋ ಕಲಿತದ್ದೂ ಹೀಗೆಯೇ. 1889–90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಆತ ಮಿಲೆಯ ಚಿತ್ರಗಳ ಕಪ್ಪು-ಬಿಳುಪು ಮುದ್ರಣಗಳನ್ನು ಎದುರಿಗಿಟ್ಟುಕೊಂಡು ಸುಮಾರು ಇಪ್ಪತ್ತು ಚಿತ್ರ ಬರೆದ, ಬಣ್ಣವೆಲ್ಲ ಅವನದೇ. ಹಳ್ಳಿಯ ಶಾಲೆಗೆ ಮೂಲಚಿತ್ರ ಎಲ್ಲಿಂದ ತರೋಣ ಎನ್ನುವವರು ಇದನ್ನು ನೆನೆಯಬೇಕು.

ಪರದೇಶದ್ದೇ ಯಾಕೆ ಎಂಬ ತಕರಾರಿನಲ್ಲಿ ನ್ಯಾಯವಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ರವಿವರ್ಮನದೆಂದು ಅನೇಕರು ತಪ್ಪು ತಿಳಿದಿರುವ ಈ ಜಲವರ್ಣ ಚಿತ್ರವನ್ನು 1945–46ರಲ್ಲಿ ಬರೆದವರು ಬೆಳಗಾವಿಯ ಘಟ್ಟದಾಚೆಯ ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಳದಣಕರ್. ದೀಪಕ್ಕೆ ಅಡ್ಡ ಹಿಡಿದ ಬೆರಳು ಕೆಂಪಾಗಿರುವುದೇಕೆ, ಸೀರೆಯ ಯಾವ ಭಾಗ ಕತ್ತಲಲ್ಲಿದೆ ಎಂದು ಕೇಳಿ, ಆಮೇಲೆ ಮಗ್ಗದ ಮೇಲೆ ತೂಗುವ ಬಲ್ಬಿನ ಬೆಳಕಲ್ಲಿ ನೇಯುವ ಕೈಗಳನ್ನು ಬರೆಸಬಹುದು. ಇದಕ್ಕೆ ಚಿತ್ರಕಲಾ ಶಿಕ್ಷಕರೇ ಆಗಬೇಕೆಂದಿಲ್ಲ. ತಾಳ್ಮೆಯಿಂದ ಕೇಳಬಲ್ಲ ಯಾವ ಶಿಕ್ಷಕರಾದರೂ ಸಾಕು. ಒಂದೇ ಚಿತ್ರಕ್ಕೆ ಮೂರು ತರಗತಿ ಹೋದರೆ ಹೋಗಲಿ. ಪ್ರತಿಭಾ ಕಾರಂಜಿಗೆ ಅಚ್ಚುಕಟ್ಟಾದ ಚಿತ್ರ ಬೇಕಲ್ಲ ಎನ್ನುವವರೂ ಇದ್ದಾರೆ. ಆ ಅಚ್ಚುಕಟ್ಟು ದೊಡ್ಡವರ ಆಸೆ; ಚೆನ್ನಾಗಿ ನೋಡಲು ಕಲಿತ ಕೈಗೆ ಅದು ನಿಧಾನವಾಗಿ ತಾನೇ ಬರುತ್ತದೆ.

ಮೂಲಚಿತ್ರವನ್ನೇ ತೋರಿಸಬೇಕೆಂದರೆ, ಸುರೇಬಾನವಿರುವ ಮಲಪ್ರಭೆಯ ಸೀಮೆಯಲ್ಲೇ ಬಾದಾಮಿ ಇದೆ. ಅಲ್ಲಿನ ಮೂರನೆಯ ಗುಹೆ ಚಾಲುಕ್ಯ ಮಂಗಳೇಶ ಕೊರೆಸಿದ್ದು; ಅದರ ಶಾಸನದ ವರ್ಷ ಕ್ರಿ.ಶ. 578. ಗುಹೆಯ ಮುಂಚಾಚಿನ ಒಳಮೈಯಲ್ಲಿ ಬಣ್ಣದ ಚಿತ್ರಗಳು ಮಸುಕಾಗಿ ಉಳಿದಿವೆ. ತಲೆಯೆತ್ತಿ ಹುಡುಕದಿದ್ದರೆ ಕಾಣುವುದಿಲ್ಲ. ಮುಂದಿನ ಶಾಲಾ ಪ್ರವಾಸ ಬಾದಾಮಿಗಾದರೆ ಶಿಕ್ಷಕರೇ, ಮಕ್ಕಳ ಕೈಗೆ ಪೆನ್ಸಿಲು, ಹಾಳೆ ಕೊಟ್ಟು ಆ ಗುಹೆಯಲ್ಲಿ ಅರ್ಧ ಗಂಟೆ ಕೂರಿಸಿ.