ಕಿತಾಬಿನ ಮುಂದೆ ಕೂರದ ಮಗು ಹಠಮಾರಿಯೇ?

ಬೆಳಗ್ಗೆ ಮದ್ರಸ ಸುರುವಾಗಿ ಕಾಲು ಗಂಟೆ ಆಗಿರುವುದಿಲ್ಲ, ಒಬ್ಬ ಹುಡುಗ ಮೂರು ಸಲ ಎದ್ದಿರುತ್ತಾನೆ. ಒಮ್ಮೆ ನೀರಿಗೆ, ಒಮ್ಮೆ ಕಿಟಕಿಗೆ, ಒಮ್ಮೆ ಯಾಕೆಂದು ಅವನಿಗೇ ಗೊತ್ತಿಲ್ಲ. ನಿನ್ನೆ ಬಾಯಿಪಾಠ ಒಪ್ಪಿಸಿದ ಸೂರತ್ ಇವತ್ತು ಅರ್ಧಕ್ಕೆ ನಿಲ್ಲುತ್ತದೆ. ಟೊಪ್ಪಿ ಎಲ್ಲಿ ಅಂದರೆ ಗೊತ್ತಿಲ್ಲ, ಪೆನ್ಸಿಲ್ ಎಲ್ಲಿ ಅಂದರೆ ಗೊತ್ತಿಲ್ಲ. ಮನೆಯಲ್ಲಿ ಕೇಳಿದರೆ ಉಮ್ಮ ಹೇಳುವುದು ಒಂದೇ ಮಾತು: "ಉಸ್ತಾದರೇ, ನೀವೇ ಸ್ವಲ್ಪ ಗಟ್ಟಿ ಮಾಡಿ."

ಇಂಥ ಎಲ್ಲಾ ಮಕ್ಕಳಿಗೂ ಕಾಯಿಲೆ ಉಂಟು ಅಂತ ನಾವು ಹೇಳುತ್ತಿಲ್ಲ. ತುಂಟತನ ಮಕ್ಕಳ ಹಕ್ಕು. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಇದು ತುಂಟತನವೂ ಅಲ್ಲ, ಹಠವೂ ಅಲ್ಲ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಅನ್ನುತ್ತಾರೆ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಲೋಕದಲ್ಲಿ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದು ಕಾಣುತ್ತದೆ ಎಂಬುದು ವೈದ್ಯರ ಲೆಕ್ಕ. ಹಾಗಾದರೆ ನಲವತ್ತು ಮಕ್ಕಳ ಮದ್ರಸದಲ್ಲಿ ಒಬ್ಬಿಬ್ಬರು ಇರಲೇಬೇಕಲ್ಲ?

ಇದು ಮೊಬೈಲಿನಿಂದ ಹುಟ್ಟಿದ ಹೊಸ ರೋಗವೂ ಅಲ್ಲ. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಮಿದುಳಿನಲ್ಲಿ ಗಮನವನ್ನು, ಆತುರವನ್ನು ಹಿಡಿತದಲ್ಲಿಡುವ ಭಾಗ ಬೇರೆ ಮಕ್ಕಳಂತೆ ಬೆಳೆಯುವುದಿಲ್ಲ. ಬಹುತೇಕ ಇದು ವಂಶದಿಂದ ಬರುತ್ತದೆ. "ಅವನ ಉಪ್ಪನೂ ಸಣ್ಣದಿರುವಾಗ ಹೀಗೇ ಇದ್ದ" ಅಂತ ಅಜ್ಜಿಯರು ಹೇಳುವುದರಲ್ಲಿ ಎಷ್ಟೋ ಸತ್ಯ ಉಂಟು. ತಾಯಿಯ ಮುದ್ದಿನಿಂದಲೋ ತಂದೆ ಅಂಗಡಿಯಲ್ಲೇ ಇರುವುದರಿಂದಲೋ ಇದು ಬರುವುದಿಲ್ಲ. ಸೊಸೆಯನ್ನು ದೂರುವವರು ಇದನ್ನು ಎರಡು ಸಲ ಓದಬೇಕು.

ಗುರುತಿಸುವುದು ಹೇಗೆ? ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನಿಂಗಿನಲ್ಲಿ ಇದು ಸಿಗುವುದಿಲ್ಲ. ಲಕ್ಷಣಗಳು ಆರು ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು, 12 ವರ್ಷದ ಒಳಗೆ ಕಾಣಿಸಿರಬೇಕು, ಒಂದೇ ಕಡೆ ಅಲ್ಲ, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಮದ್ರಸದಲ್ಲಿ ಮಾತ್ರ ಗಲಾಟೆ, ಬೇರೆಲ್ಲ ಕಡೆ ಸರಿ ಅಂದರೆ ಮೊದಲು ಮದ್ರಸವನ್ನೇ ನೋಡಬೇಕು! ಕಿವಿ, ಕಣ್ಣು, ರಕ್ತಹೀನತೆ, ನಿದ್ದೆ ಕೂಡ ಪರೀಕ್ಷೆ ಆಗಬೇಕು. ಹಲಗೆ ಕಾಣದ ಮಗುವೂ ಕಿಟಕಿ ನೋಡುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅವರು ಹೆಚ್ಚಾಗಿ ಓಡುವುದಿಲ್ಲ, ಹಾರುವುದಿಲ್ಲ. ಸುಮ್ಮನೆ ಕೂತಿರುತ್ತಾರೆ, ಮನಸ್ಸು ಮಾತ್ರ ಎಲ್ಲೋ ಇರುತ್ತದೆ. ಗಲಾಟೆ ಇಲ್ಲದ್ದರಿಂದ ಉಸ್ತಾದರೂ ನೋಡುವುದಿಲ್ಲ, ಟೀಚರೂ ನೋಡುವುದಿಲ್ಲ. "ತಲೆ ಇಲ್ಲ" ಅಂತ ಹೇಳಿ ಹತ್ತನೇ ಕ್ಲಾಸಿಗೇ ನಿಲ್ಲಿಸಿ ಮದುವೆಯ ಮಾತು ಸುರುವಾಗುತ್ತದೆ. ತಲೆ ಇದೆ, ಅದಕ್ಕೆ ಸಹಾಯ ಸಿಕ್ಕಿಲ್ಲ ಅಷ್ಟೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ವ್ಯಾಪಾರಕ್ಕೆಂದು ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ಮದ್ದು: ನೂಲು ಮಂತ್ರಿಸುವುದು, ದರ್ಗಾಕ್ಕೆ ಹರಕೆ, ಅದೂ ಆಗದಿದ್ದರೆ ದೂರದ ಊರಿನ ಹಿಫ್ಳ್ ಕಾಲೇಜಿಗೆ ಹಾಕುವುದು. ದುವಾ ಮಾಡಿಸಿ, ಅದನ್ನು ಬೇಡ ಅನ್ನಲು ನಾವು ಯಾರು? ಆದರೆ ಮದ್ದು ಮಾಡಿ ಅಂತ ಹೇಳಿಕೊಟ್ಟವರೂ ನಮ್ಮ ಪ್ರವಾದಿಯವರೇ (ಸ). ಮೂರನೆಯದನ್ನಂತೂ ನಾವು ಒಪ್ಪುವುದೇ ಇಲ್ಲ. ಅರ್ಧ ಪುಟದ ಮೇಲೆ ಕಣ್ಣು ನಿಲ್ಲದ ಒಂಬತ್ತು ವರ್ಷದ ಮಗುವನ್ನು ದಿನಕ್ಕೆ ಎಂಟು ಗಂಟೆ ಬಾಯಿಪಾಠಕ್ಕೆ ಕೂರಿಸಿದರೆ, ಅದು ಕುರ್‌ಆನನ್ನು ಪ್ರೀತಿಸಲು ಕಲಿಯುತ್ತದೆಯೇ, ಹೆದರಲು ಕಲಿಯುತ್ತದೆಯೇ?

ಬೆತ್ತದ ವಿಷಯವೂ ಅಷ್ಟೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಮಗೆ ಅದಕ್ಕಿಂತ ಹಳೆಯ ಪಾಠವಿದೆ. ಹತ್ತು ವರ್ಷ ಸೇವೆ ಮಾಡಿದ ಬಾಲಕ ಅನಸ್ (ರ) ಅವರಿಗೆ ಪ್ರವಾದಿಯವರು (ಸ) ಒಮ್ಮೆಯೂ ಬೇಸರದ ಮಾತು ಆಡಲಿಲ್ಲ ಎಂಬುದನ್ನು ಮಕ್ಕಳಿಗೆ ಕಲಿಸುವ ನಾವೇ ಬೆತ್ತ ಹಿಡಿದರೆ ಹೇಗೆ?

ಚಿಕಿತ್ಸೆಗೆ ಬರೋಣ. ಆರು ವರ್ಷದ ಒಳಗಿನ ಮಕ್ಕಳಿಗೆ ಮೊದಲು ಮಾತ್ರೆ ಅಲ್ಲ, ತಂದೆತಾಯಿಗೆ ತರಬೇತಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಹೇಳುವಾಗ ಮಗುವಿನ ಕಣ್ಣು ನೋಡುವುದು, ಮಾಡಿದ ಕೂಡಲೇ ಹೊಗಳುವುದು, ಊಟ, ಓದು, ನಿದ್ದೆಗೆ ನಿಗದಿ ಸಮಯ. ಸಣ್ಣದಾಗಿ ಕಾಣುತ್ತದೆ, ಆದರೆ ಕೂಡು ಕುಟುಂಬದಲ್ಲಿ ಅಜ್ಜಿ ಒಂದು, ಮಾವ ಒಂದು ಹೇಳುವಾಗ ಇದನ್ನು ನಡೆಸುವುದು ದೊಡ್ಡ ಕೆಲಸ. ಮದ್ರಸದಲ್ಲಿ ಇಂಥ ಮಗುವನ್ನು ಉಸ್ತಾದರ ಹತ್ತಿರ ಕೂರಿಸಿ, ಐದು ಐದು ನಿಮಿಷದ ಪಾಠ ಕೊಟ್ಟು, ನಡುವೆ ಕಿತಾಬು ಹಂಚುವ ಕೆಲಸ ಕೊಡಬಹುದು. ಏಳುವ ಮಗುವಿಗೆ ಏಳಲು ಒಂದು ಕಾರಣ ಕೊಟ್ಟಂತೆ.

ಆರು ದಾಟಿದ ಮೇಲೆ ತೊಂದರೆ ಹೆಚ್ಚಿದ್ದರೆ ವೈದ್ಯರು ಮಾತ್ರೆ ಬರೆಯಬಹುದು. ಹೆಚ್ಚಾಗಿ ಬಳಸುವುದು ಮಿಥೈಲ್‌ಫೆನಿಡೇಟ್. ಇದು ಒಂದು ಗಂಟೆಯೊಳಗೆ ಕೆಲಸ ಸುರು ಮಾಡುತ್ತದೆ. ಇನ್ನೊಂದು ಅಟೊಮಾಕ್ಸೆಟಿನ್, ಇದರ ಪೂರ್ಣ ಗುಣ ಕಾಣಲು ಕೆಲವು ವಾರ ಬೇಕು. "ಅಮಲಿನ ಮಾತ್ರೆಯಂತೆ, ಹರಾಮ್ ಅಲ್ಲವಾ" ಅಂತ ಕೇಳುವವರಿದ್ದಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮಗುವಿಗೆ ಅಮಲು ಏರುವುದಿಲ್ಲ, ಗಮನ ನಿಲ್ಲುತ್ತದೆ. ಆದರೆ ಬೇರೆಯವರ ಕೈಗೆ ಹೋದರೆ ದುರುಪಯೋಗ ಆಗಬಹುದಾದ ಔಷಧಿ ಅದು, ಹಾಗಾಗಿ ಬೀಗ ಹಾಕಿ ಇಡಿ, ತಮ್ಮನಿಗೂ ಅರ್ಧ ಕೊಡಬೇಡಿ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ ಅಡ್ಡ ಪರಿಣಾಮ. ಎತ್ತರ, ತೂಕ, ರಕ್ತದೊತ್ತಡ, ನಾಡಿ ಆಗಾಗ ನೋಡಿಸಬೇಕು. ಮಗುವಿಗೆ ಅಥವಾ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಕ್ಯಾಪ್ಸೂಲಿನ ಜಿಲೆಟಿನ್ ಬಗ್ಗೆ ಸಂಶಯ ಇದ್ದರೆ ಡಾಕ್ಟರರಿಗೇ ಕೇಳಿ, ಮಾತ್ರೆಯ ರೂಪವೂ ಉಂಟು. ರಂಝಾನಿನಲ್ಲಿ ಪ್ರಾಯಕ್ಕೆ ಬಾರದ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ. ದೊಡ್ಡ ಮಕ್ಕಳ ಔಷಧಿಯ ಸಮಯವನ್ನು ಅತ್ತಾಳಕ್ಕೆ ಬದಲಿಸಬಹುದೋ ಅಂತ ರಂಝಾನಿಗೆ ಮೊದಲೇ ವಿಚಾರಿಸಿ. ನೀವೇ ನಿಲ್ಲಿಸಬೇಡಿ.

ಎಲ್ಲಿಗೆ ಹೋಗುವುದು? ಸರಕಾರಿ ಶಾಲೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡುವ ತೊಂದರೆಗಳ ಪಟ್ಟಿಯಲ್ಲಿ ಇದೂ ಉಂಟು, ಹೇಳಿದರೆ ಮುಂದಕ್ಕೆ ಕಳಿಸುತ್ತಾರೆ. ಶಿಗ್ಗಾಂವಿ, ಸವಣೂರು, ಹಾನಗಲ್‌ನವರಿಗೆ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್ ಇದೆ. ಹಿರೇಕೆರೂರಿನವರಿಗೆ ಶಿವಮೊಗ್ಗ ಅಥವಾ ದಾವಣಗೆರೆ ಹತ್ತಿರ. ಡಿಮ್ಹಾನ್ಸ್ ಅಂದ ಕೂಡಲೇ "ಹುಚ್ಚಾಸ್ಪತ್ರೆಗೆ ನಮ್ಮ ಮಗುವಾ?" ಅನ್ನುವವರಿಗೆ ಒಂದೇ ಮಾತು: ಅಲ್ಲಿಗೆ ನಿದ್ದೆ ಬಾರದವರೂ ಹೋಗುತ್ತಾರೆ, ತಲೆನೋವಿನವರೂ ಹೋಗುತ್ತಾರೆ. ರಜೆಗೆ ಊರಿಗೆ ಹೋದಾಗ ಮಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲೂ ತೋರಿಸಬಹುದು, ಆದರೆ ತಿಂಗಳು ತಿಂಗಳು ನೋಡಿಸಲು ಹತ್ತಿರದ್ದೇ ಒಳ್ಳೆಯದು. ಏನೂ ತಿಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಎರಡು ವರ್ಷದ ಮಾರ್ಕ್ಸ್ ಕಾರ್ಡು, ಮಗುವಿನ ನೋಟ್ ಪುಸ್ತಕ, ಕ್ಲಾಸ್ ಟೀಚರ್ ಬರೆದ ನಾಲ್ಕು ಸಾಲು ಕೊಂಡುಹೋಗಿ. ಡಾಕ್ಟರರ ಎದುರು ಹತ್ತು ನಿಮಿಷ ಎಷ್ಟೋ ಮಕ್ಕಳು ಬಹಳ ಶಿಸ್ತಿನಿಂದ ಕೂರುತ್ತಾರೆ, ಆಗ ಈ ಕಾಗದವೇ ಮಾತಾಡಬೇಕು. ಮದ್ರಸದಿಂದ ಚೀಟಿ ಬೇಕಿದ್ದರೆ ಕೇಳಿ, ಯಾವ ಉಸ್ತಾದರೂ ಬರೆದು ಕೊಡುತ್ತಾರೆ.