ಹಲಗೆಯ ಮರೆಯ ಕಾಯಕ

ಮೋಳಿಗೆಯ ಮಾರಯ್ಯನವರ ಚರಿತ್ರೆಯನ್ನು ನಮ್ಮ ಸಮಾಜದ ಮನೆಗಳಲ್ಲಿ ಕೇಳದವರು ವಿರಳ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದರೆಂದು ಪರಂಪರೆ ಹೇಳುತ್ತದೆ. ಅರಸನಾಗಿದ್ದವನು ಅನ್ಯರ ಒಲೆ ಉರಿಯಲೆಂದು ಕಟ್ಟಿಗೆ ಹೊತ್ತನೆಂಬ ಈ ಪ್ರಸಂಗವನ್ನು ನಾವು ನಲವತ್ತು ವರ್ಷಗಳಿಂದ ಸಭೆ ಸಮಾರಂಭಗಳಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ಮಠದ ಪಾಠಶಾಲೆಯಲ್ಲಿ ಬೆಳೆದ ನಮ್ಮ ಕೈಗೆ ಮಸಿ ಹತ್ತಿದ್ದು ದೌತಿಯಿಂದ ಮಾತ್ರ. ಕಾಯಕದ ಬಗೆಗೆ ಗಂಟೆಗಟ್ಟಲೆ ಮಾತನಾಡಬಲ್ಲ ನಮಗೆ ಒಂದು ಸ್ಪಾನರನ್ನು ಯಾವ ಕಡೆಗೆ ತಿರುಗಿಸಬೇಕೆಂಬುದು ತಿಳಿದಿರಲಿಲ್ಲ. ಆ ಅಜ್ಞಾನ ಕಳೆದದ್ದು 2018ರ ನವೆಂಬರಿನಲ್ಲಿ, ಅಮೆರಿಕೆಯ ಚಿಕಾಗೋ ನಗರದ ಹೊರವಲಯದಲ್ಲಿರುವ ನಮ್ಮ ಅಣ್ಣನ ಮಗನ ಮನೆಯ ಕಾರುಶೆಡ್ಡಿನಲ್ಲಿ.

ಆ ವರ್ಷ ಅವನ ಮನೆಯಲ್ಲಿ ಒಬ್ಬರ ಸಂಬಳ ಮಾತ್ರ ಬರುತ್ತಿತ್ತು. ಮಗನ ಕೆಲಸದ ಒಪ್ಪಂದ ಬೇಸಿಗೆಯಲ್ಲಿಯೇ ಮುಗಿದಿತ್ತು. ಸೊಸೆ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿಪಾಳಿ. ಹನ್ನೆರಡು ವರ್ಷ ಹಳೆಯ ಒಂದು ಕಾರಿನಲ್ಲಿ ಅವಳು ದಿನಾಲು ಹೋಗಿಬರುತ್ತಿದ್ದಳು. ಒಂದು ಮುಂಜಾನೆ ಮನೆಗೆ ಬಂದವಳು, “ಕಾರಿನೊಳಗ ಪಾಕದ ವಾಸನೆ ಬರ್ತದ, ಮುಂದಿನ ಗಾಜು ಎಷ್ಟ ಒರೆಸಿದರೂ ಮಸುಕಾಗೇ ಇರ್ತದ” ಎಂದಳು. ಮಗನು ಪಕ್ಕದ ಆಸನದ ಕೆಳಗಿನ ಹಾಸನ್ನು ಮುಟ್ಟಿ ನೋಡಿದ. ತೇವವಾಗಿತ್ತು, ಬೆರಳಿಗೆ ಅಂಟು ಹತ್ತಿತು. ಹೀಟರ್ ಕೋರ್ ಸೋರುತ್ತಿದೆಯೆಂದು ಅವನು ನಿರ್ಧರಿಸಿದ.

ಹೀಟರ್ ಕೋರ್ ಎಂದರೇನು?

ನಮ್ಮ ಓದುಗ ಬಂಧುಗಳಲ್ಲಿ ಕಾರುಳ್ಳವರು ಅನೇಕರು. ಆದರೆ ಈ ಅಂಗದ ಹೆಸರನ್ನು ಕೇಳಿದವರು ಕೆಲವರೇ ಇರಬಹುದು. ನಮ್ಮ ನಾಡಿನ ಹವೆಯಲ್ಲಿ ಅದರ ನೆನಪಾಗುವ ಪ್ರಸಂಗವೇ ಕಡಿಮೆ. ಇಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕಾವಾಗಿ ತಂಪುನೀರಿಗೆ ಸೇರುತ್ತದೆ. ಕೂಲಂಟ್ ಎಂದು ಕರೆಯಲಾಗುವ ಈ ದ್ರವವು ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುತ್ತುತ್ತ, ಮುಂಭಾಗದ ರೇಡಿಯೇಟರಿನಲ್ಲಿ ತನ್ನ ಕಾವನ್ನು ಬಿಡುತ್ತದೆ. ಅದರಲ್ಲಿ ಒಂದಿಷ್ಟನ್ನು ಎರಡು ರಬ್ಬರ್ ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಚಿಕ್ಕ ರೇಡಿಯೇಟರಿಗೆ ಹರಿಸುತ್ತಾರೆ. ಅದೇ ಹೀಟರ್ ಕೋರ್. ಫ್ಯಾನಿನ ಗಾಳಿ ಅದರ ತೆಳುವಾದ ರೆಕ್ಕೆಗಳ ನಡುವೆ ನುಸುಳಿ ಬಿಸಿಯಾಗಿ ಪ್ರಯಾಣಿಕರಿಗೂ ಗಾಜಿಗೂ ತಲುಪುತ್ತದೆ. ವ್ಯರ್ಥವಾಗಿ ಹೋಗಬೇಕಾದ ಕಾವು ಮನುಷ್ಯನಿಗೆ ಪ್ರಯೋಜನವಾಗುವ ವ್ಯವಸ್ಥೆಯಿದು. ಇದೇ ಚಿಕಾಗೋ ನಗರದ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಮಹಿಳೆ 1893ರಷ್ಟು ಹಿಂದೆಯೇ ಗಾಡಿಯನ್ನು ಬೆಚ್ಚಗಿಡುವ ಸಾಧನವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಆಗ ಗಾಡಿಯೆಂದರೆ ರೈಲಿನ ಬೋಗಿ.

ಶೀತದೇಶದಲ್ಲಿ ಇದು ಸುಖಸಾಧನವಲ್ಲ, ಪ್ರಾಣಸಾಧನ. ಬಿಸಿಗಾಳಿಯಿಲ್ಲದಿದ್ದರೆ ಗಾಜಿನ ಮೇಲಿನ ಮಂಜು ಕರಗದು, ದಾರಿ ಕಾಣದು. ಕೋರ್ ಸೋರಿದರಂತೂ ಕೂಲಂಟಿನ ಆವಿ ಗಾಜಿನ ಒಳಮೈಗೆ ಜಿಡ್ಡಾಗಿ ಕೂಡುತ್ತದೆ.

ಗ್ಯಾರೇಜಿನ ಲೆಕ್ಕ

ಮಗನು ಮೊದಲು ಒಂದು ಗ್ಯಾರೇಜಿಗೆ ಹೋಗಿ ವಿಚಾರಿಸಿದ. ಅವರು ಬರೆದುಕೊಟ್ಟ ಖರ್ಚಿನ ಲೆಕ್ಕದಲ್ಲಿ ಬಿಡಿಭಾಗದ ಬೆಲೆ ಹತ್ತನೆಯ ಒಂದು ಪಾಲೂ ಇರಲಿಲ್ಲ, ಉಳಿದದ್ದೆಲ್ಲ ಕೂಲಿ. ಇದರಲ್ಲಿ ಅನ್ಯಾಯವೇನೂ ಇಲ್ಲವೆಂದು ಅವನೇ ನಮಗೆ ತಿಳಿಸಿದ. ಆ ಪುಟ್ಟ ವಸ್ತುವನ್ನು ಮುಟ್ಟಬೇಕಾದರೆ ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಒಂದು ದಿನಕ್ಕಿಂತ ಹೆಚ್ಚಿನ ದುಡಿಮೆ. ಅಷ್ಟು ಹಣ ಆ ತಿಂಗಳು ಮನೆಯಲ್ಲಿ ಇರಲಿಲ್ಲ. ನವೆಂಬರ್ 22ರ ಗುರುವಾರದಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. ಸೊಸೆಗೆ ಸೋಮವಾರ ರಾತ್ರಿಯವರೆಗೆ ಪಾಳಿಯಿರಲಿಲ್ಲ. ಆ ನಾಲ್ಕು ದಿನಗಳಲ್ಲಿ ತಾನೇ ಮಾಡುವೆನೆಂದು ಮಗ ಸಂಕಲ್ಪಿಸಿದ.

ಆರಂಭಿಸುವ ಮುನ್ನ ಅವನು ರೋಗನಿರ್ಣಯವನ್ನು ಎರಡು ಸಲ ಮಾಡಿದ. ಬಿಸಿಗಾಳಿ ಬರಲಿಲ್ಲವೆಂದ ಮಾತ್ರಕ್ಕೆ ಕೋರ್ ಕೆಟ್ಟಿದೆಯೆಂದು ತಿಳಿಯಬಾರದು. ಕೂಲಂಟ್ ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಇಂಜಿನ್ ಬಿಸಿಯಾದ ಮೇಲೆ ಎರಡೂ ಹೀಟರ್ ಕೊಳವೆಗಳು ಬಿಸಿಯಾಗಿದ್ದರೆ ದ್ರವ ಹರಿಯುತ್ತಿದೆಯೆಂದೂ, ಒಂದು ಬಿಸಿ ಒಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರುವ ಸಂಭವವಿದೆಯೆಂದೂ ತಿಳಿಯಬಹುದು. ಸೋರಿಕೆಯ ಲಕ್ಷಣಗಳೇ ಬೇರೆ: ಸಿಹಿವಾಸನೆ, ಗಾಜಿನ ಜಿಡ್ಡು, ಅಂಟುವ ತೇವ, ದಿನದಿನಕ್ಕೆ ಇಳಿಯುವ ಕೂಲಂಟ್. ಇವು ನಾಲ್ಕೂ ಇಲ್ಲಿದ್ದವು. ಸೋರಿಕೆ ನಿಲ್ಲಿಸುವ ಪುಡಿಯನ್ನು ಹಾಕಬಾರದೇಕೆಂದು ನಾವು ಕೇಳಿದೆವು. ಅದು ತೂತನ್ನು ಮುಚ್ಚುವ ಭರದಲ್ಲಿ ಸಣ್ಣ ನಾಳಗಳನ್ನೂ ಮುಚ್ಚಬಹುದೆಂದು ಅವನ ಉತ್ತರ.

ಮೂರು ದಿನಗಳ ದುಡಿಮೆ

ಗುರುವಾರ ನಸುಕಿನಲ್ಲಿ ಇಷ್ಟಲಿಂಗಪೂಜೆ ಮುಗಿಸಿ ಕಾರುಶೆಡ್ಡಿಗೆ ಇಳಿದೆವು. ನಮ್ಮ ಪಾಲಿಗೆ ಬಂದ ಕಾಯಕ ದೀಪ ಹಿಡಿಯುವುದು. ಏಳು ವರ್ಷದ ಮೊಮ್ಮಗಳು ಹಳೆಯ ಇಡ್ಲಿತಟ್ಟೆಗಳನ್ನು ತಂದಿಟ್ಟುಕೊಂಡು, ಕಳಚಿದ ಸ್ಕ್ರೂಗಳನ್ನು ಕುಳಿಕುಳಿಯಲ್ಲಿ ಬೇರೆಬೇರೆಯಾಗಿ ಇರಿಸಿ ಚೀಟಿ ಬರೆಯುತ್ತಿದ್ದಳು.

ಮೊದಲು ಬ್ಯಾಟರಿಯ ತಂತಿ ಕಳಚಿ ಅರ್ಧ ಗಂಟೆ ಸುಮ್ಮನೆ ಕುಳಿತೆವು. ತಂತಿ ಕಳಚಿದ ಮೇಲೂ ಏರ್‌ಬ್ಯಾಗಿನ ಮಂಡಲದಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ. ಅವಸರ ಮಾಡಿದರೆ ಅದು ಮುಖದ ಮೇಲೆ ಸಿಡಿಯಬಹುದು. ಇಂಜಿನ್ ಪೂರ್ತಿ ತಣ್ಣಗಿರುವುದನ್ನು ನೋಡಿಕೊಂಡು ಕೂಲಂಟನ್ನು ಅಗಲವಾದ ಪಾತ್ರೆಗೆ ಇಳಿಸಿದ. ಇಲ್ಲಿ ಮಗನ ಮುಖ ಗಂಭೀರವಾಯಿತು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ; ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನೆಲದ ಮೇಲೆ ಚೆಲ್ಲಿದ ಸ್ವಲ್ಪವನ್ನು ನೆಕ್ಕಿದರೂ ನಾಯಿ ಸಾಯಬಹುದು. ಮಕ್ಕಳಿಗೂ ಅಪಾಯ ತಪ್ಪಿದ್ದಲ್ಲ. ಕುಡಿದರೆಂಬ ಸಂಶಯ ಬಂದರೂ ಕ್ಷಣ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅವನು ಅದನ್ನು ಮುಚ್ಚಳದ ಡಬ್ಬಿಗೆ ತುಂಬಿ, ಮೇಲೆ ಹೆಸರು ಬರೆದು, ಎತ್ತರದ ಹಲಗೆಗೆ ಏರಿಸಿ, ನೆಲವನ್ನು ಎರಡು ಸಲ ತೊಳೆದು ಒರೆಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದ. ಆ ಡಬ್ಬಿಯನ್ನು ಅನಂತರ ಊರಿನ ಅಪಾಯಕಾರಿ ತ್ಯಾಜ್ಯದ ಸಂಗ್ರಹಕೇಂದ್ರಕ್ಕೆ ಒಪ್ಪಿಸಿ ಬಂದ.

ಹಳೆಯ ರಬ್ಬರ್ ಕೊಳವೆಗಳು ಕಚ್ಚಿ ಹಿಡಿದಿದ್ದವು. ಅವನು ಜಗ್ಗಲಿಲ್ಲ, ಚೂರಿಯಿಂದ ಉದ್ದಕ್ಕೆ ಸೀಳಿ ಬಿಡಿಸಿದ. ಜಗ್ಗಿದರೆ ಒಳಗಿನ ಲೋಹದ ಕೊಳವೆ ಮುರಿಯುವುದುಂಟು. ಬಳಿಕ ಸ್ಟಿಯರಿಂಗಿನ ಕಂಬವನ್ನು ಕೆಳಗಿಳಿಸಿ, ವೈರುಗಳ ಪ್ರತಿಯೊಂದು ಜೋಡಣೆಗೂ ಗುರುತಿನ ಪಟ್ಟಿ ಅಂಟಿಸಿ, ಕಳಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡ. ಶುಕ್ರವಾರ ಮಧ್ಯಾಹ್ನ ಡ್ಯಾಶ್‌ಬೋರ್ಡನ್ನು ಇಬ್ಬರೂ ಹಿಡಿದು ಹೊರಗೆ ಇಳಿಸಿದೆವು. ಹಿಂದಿನ ಪೆಟ್ಟಿಗೆಯಿಂದ ಹೊರಬಂದ ಕೋರ್ ಒಂದು ತಾಳೆಯೋಲೆಯ ಕಟ್ಟಿನಷ್ಟಿತ್ತು. ಅದರ ಮೂಲೆಯಲ್ಲಿ ಹಸಿರು ಕಿಲುಬು; ನಡುವೆ ಸೂಜಿಮೊನೆಯಷ್ಟು ತೂತು. ಕೂಲಂಟಿನಲ್ಲಿ ತುಕ್ಕು ತಡೆಯುವ ದ್ರವ್ಯಗಳಿರುತ್ತವೆ. ಅವು ಕಾಲಕ್ರಮದಲ್ಲಿ ಸವೆಯುತ್ತವೆ. ಹೇಳಿದ ಅವಧಿಗೆ ಬದಲಾಯಿಸದಿದ್ದರೆ ಲೋಹ ಒಳಗಿಂದಲೇ ತಿನ್ನಿಸಿಕೊಳ್ಳುತ್ತದೆ.

ಶನಿವಾರ ಹೊಸ ಕೋರನ್ನು ಕೂರಿಸಿದರು. ಸುತ್ತಲೂ ಸ್ಪಂಜಿನ ಪಟ್ಟಿ ಅಂಟಿಸಿದರೆ ಗಾಳಿ ಬದಿಯಿಂದ ತಪ್ಪಿಸಿಕೊಳ್ಳದು. ಒಳಗಿನ ಎರಡು ಕೊಳವೆಗಳ ಸಂದುಗಳಿಗೆ ರಬ್ಬರಿನ ಉಂಗುರ ಹಾಕಿ ಕ್ಲಾಂಪು ಬಿಗಿಯಬೇಕಿತ್ತು. ಒಂದು ಸಂದಿಗೆ ಅವನ ಕೈ ನಿಲುಕುತ್ತಿರಲಿಲ್ಲ. ನಮ್ಮ ಕೈ ಸಣಕಲು. “ಕಾಕಾ, ಇದನ್ನ ನೀವ ಬಿಗೀರಿ” ಎಂದ. ಜೀವಮಾನದಲ್ಲಿ ಮೊದಲ ಸಲ ಸ್ಪಾನರು ಹಿಡಿದೆವು. ಬಿಗಿದು, “ಆಯಿತಪ್ಪಾ, ಗಟ್ಟಿಯಾಗಿದೆ” ಎಂದು ಹೆಮ್ಮೆಯಿಂದ ಹೇಳಿದೆವು.

ಮುಳ್ಳು ಇಳಿಯಿತು

ಆಗ ಸಂಜೆ ಆರು ಗಂಟೆ. ಮರುದಿನ ಸಂಜೆಯಿಂದ ಹಿಮಗಾಳಿ ಬೀಸುವುದೆಂದು ಹವಾಮಾನ ಇಲಾಖೆ ಎಚ್ಚರಿಸಿತ್ತು. ಕೂಡಲೇ ಹಲಗೆ ಮುಚ್ಚಿಬಿಡೋಣವೆಂದು ನಾವು ಸೂಚಿಸಿದೆವು. ಮಗ ಒಪ್ಪಲಿಲ್ಲ. “ಬ್ಯಾಡ್ರಿ ಕಾಕಾ. ಮುಚ್ಚಿದ ಮ್ಯಾಲೆ ಸೋರಿದರ ಮತ್ತ ಮೂರು ದಿನ ಬೇಕು. ಅಕಿ ರಾತ್ರಿ ಒಬ್ಬಾಕೀನ ಹೋಗ್ತಾಳ” ಎಂದು, ಬಿಡಿಭಾಗದ ಅಂಗಡಿಯಿಂದ ಎರವಲು ತಂದಿದ್ದ ಒತ್ತಡದ ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಜೋಡಿಸಿದ. ಹೊಸ ಕೂಲಂಟ್ ತುಂಬಿ, ಇಂಜಿನ್ ಓಡುವಾಗ ಇರುವಷ್ಟೇ ಒತ್ತಡವನ್ನು ಪಂಪಿನಿಂದ ಏರಿಸಿ, ಮಾಪಕದ ಮುಳ್ಳನ್ನು ನೋಡುತ್ತ ಕುಳಿತ. ನಾವೂ ಕುಳಿತೆವು. ಹತ್ತು ನಿಮಿಷಕ್ಕೆ ಮುಳ್ಳು ಕೂದಲೆಳೆಯಷ್ಟು ಇಳಿಯಿತು. ಅರ್ಧ ಗಂಟೆಗೆ ಎಲ್ಲರಿಗೂ ಕಾಣುವಷ್ಟು. ದೀಪ ಹಿಡಿದು ಹುಡುಕಿದಾಗ ಒಂದು ಸಂದಿನ ಕೆಳಗೆ ಮುತ್ತಿನಂತಹ ಹನಿ ತೂಗುತ್ತಿತ್ತು. ಅದು ನಾವು ಬಿಗಿದ ಸಂದು.

ಬಿಚ್ಚಿ ನೋಡಲಾಗಿ ರಬ್ಬರಿನ ಉಂಗುರ ತಿರುಚಿಕೊಂಡು ಕುಳಿತಿತ್ತು. ಮಗ ಒಂದು ಮಾತನ್ನೂ ಆಡಲಿಲ್ಲ. ಹೊಸ ಉಂಗುರಕ್ಕೆ ಕೂಲಂಟಿನ ಪಸೆ ಸವರಿ ನಮ್ಮ ಕೈಗೇ ಕೊಟ್ಟ. ಒಣ ಉಂಗುರ ತಿರುಚಿಕೊಳ್ಳುತ್ತದೆ, ಪಸೆಯಿದ್ದರೆ ಜಾರಿ ನೆಲೆಗೆ ಕೂಡುತ್ತದೆಯೆಂದು ಆಗ ತಿಳಿಯಿತು. ಈ ಸಲ ನಾವು ಗಟ್ಟಿಯಾಗಿದೆಯೆಂದು ಹೇಳಲಿಲ್ಲ. ಒತ್ತಡ ಏರಿಸಿ ರಾತ್ರಿಯ ಊಟ ಮುಗಿಸಿ ಬಂದು ನೋಡಿದೆವು. ಮುಳ್ಳು ಇಟ್ಟಲ್ಲಿಯೇ ಇತ್ತು.

ಭಾನುವಾರ ಮಧ್ಯಾಹ್ನದೊಳಗೆ ಡ್ಯಾಶ್‌ಬೋರ್ಡ್ ಸ್ವಸ್ಥಾನಕ್ಕೆ ಸೇರಿತು. ಇಡ್ಲಿತಟ್ಟೆಯಲ್ಲಿ ಒಂದು ಸ್ಕ್ರೂ ಸಹ ಉಳಿಯಲಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ವಾಸನೆಯಿಲ್ಲದ ವಿಷಾನಿಲ ತುಂಬಿ ಪ್ರಾಣ ಹೋದೀತೆಂದು ಕಾರನ್ನು ಹೊರಗೆ ತಳ್ಳಿ ಚಾಲೂ ಮಾಡಿದರು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕೊಳವೆಯೊಳಗಿನ ಗಾಳಿಯೆಲ್ಲ ಹೊರಟ ಮೇಲೆ, ಇಂಜಿನ್ ಆರಿದ ನಂತರ ಕಡಿಮೆಯಾದಷ್ಟು ಕೂಲಂಟ್ ಸೇರಿಸಿದರು. ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತೆರೆದವರು ಸುಟ್ಟುಕೊಳ್ಳುತ್ತಾರೆ. ಅಂದು ರಾತ್ರಿ ಹಿಮ ಸುರಿಯಿತು.

ನಮ್ಮ ಊರಿನವರಿಗೆ ಕೆಲವು ಮಾತು

ಈ ಕೆಲಸವನ್ನು ಎಲ್ಲರೂ ಮನೆಯಲ್ಲಿ ಮಾಡಿಕೊಳ್ಳಿರೆಂದು ನಾವು ಹೇಳುವುದಿಲ್ಲ. ಆ ಕಾರಿನ ಕೈಪಿಡಿ ಕೈಯಲ್ಲಿಲ್ಲದಿದ್ದರೆ ಮಾಡಲಾಗದು. ಕೆಲವು ಕಾರುಗಳಲ್ಲಿ ಕೋರ್ ತೆಗೆಯಲು ಎ.ಸಿ.ಯ ಅನಿಲದ ಕೊಳವೆಗಳನ್ನೂ ಬಿಚ್ಚಬೇಕಾಗುತ್ತದೆ. ಆ ಅನಿಲವನ್ನು ಗಾಳಿಗೆ ಬಿಡುವುದು ಅಮೆರಿಕೆಯಲ್ಲಿ ಕಾನೂನಿಗೆ ವಿರುದ್ಧ. ತಕ್ಕ ಯಂತ್ರವುಳ್ಳವರಿಂದಲೇ ಅದನ್ನು ತೆಗೆಸಬೇಕು. ಮಗನ ಕಾರಿನಲ್ಲಿ ಆ ತೊಡಕು ಇರಲಿಲ್ಲವೆಂದೇ ಅವನು ಧೈರ್ಯ ಮಾಡಿದ್ದು.

ಆದರೆ ತಿಳಿದಿರಬೇಕಾದ ಸಂಗತಿಗಳು ನಮಗೂ ಉಂಟು. ನಮ್ಮ ನಾಡಿನ ಕಾರುಗಳಲ್ಲಿಯೂ ಹೀಟರ್ ಇರುವುದು ಸಾಮಾನ್ಯ. ಬೇಸಿಗೆಯಲ್ಲಿ ಕಾರಿನ ಹಾಸು ತೇವವಾದರೆ ಅದು ಬಹುಮಟ್ಟಿಗೆ ಎ.ಸಿ.ಯ ನೀರು: ಬಣ್ಣವಿಲ್ಲ, ವಾಸನೆಯಿಲ್ಲ, ಅಂಟಿಲ್ಲ. ಬಣ್ಣ, ಸಿಹಿವಾಸನೆ, ಅಂಟು ಇದ್ದರೆ ಅದು ಕೂಲಂಟ್. ಮಕ್ಕಳನ್ನು ದೂರವಿರಿಸಿ ತಡವಿಲ್ಲದೆ ಮೆಕ್ಯಾನಿಕರಿಗೆ ತೋರಿಸಬೇಕು. ರೇಡಿಯೇಟರಿಗೆ ಕೊಳವೆಬಾವಿಯ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಆ ಗಡಸು ನೀರಿನ ಲವಣಗಳು ಸಣ್ಣ ನಾಳಗಳಲ್ಲಿ ಗಟ್ಟಿಕಟ್ಟುತ್ತವೆ. ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಶೀತದೇಶದಲ್ಲಿರುವ ನಮ್ಮ ಮಕ್ಕಳು ಅರಿಯಬೇಕಾದ ಇನ್ನೊಂದುಂಟು: ನೀರು ಮತ್ತು ಗ್ಲೈಕಾಲಿನ ದ್ರಾವಣ ಅರ್ಧಕ್ಕರ್ಧ ಬೆರೆತರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಹೆಚ್ಚು ಹಾಕಿದರೆ ಹೆಚ್ಚು ಒಳಿತೆಂದು ನೀರಿಲ್ಲದೆ ತುಂಬಿದರೆ ಮೈನಸ್ 12ರ ಆಸುಪಾಸಿನಲ್ಲಿಯೇ ಗಟ್ಟಿಯಾಗತೊಡಗುತ್ತದೆ.

ನಾವು ಡಿಸೆಂಬರಿನಲ್ಲಿ ಊರಿಗೆ ಮರಳಿದೆವು. 2019ರ ಜನವರಿ 30ರಂದು ಧ್ರುವದ ಶೀತಗಾಳಿ ಇಳಿದು, ಚಿಕಾಗೋದ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಶಾಲೆ ಕಚೇರಿಗಳು ಮುಚ್ಚಿದ್ದವು. ಆಸ್ಪತ್ರೆಗೆ ರಜೆಯುಂಟೆ? ಪಾಳಿ ಮುಗಿಸಿ ಮನೆ ಸೇರಿದ ಸೊಸೆ ದೂರವಾಣಿಯಲ್ಲಿ, “ಕಾಕಾ, ಗಾಜು ನಿಚ್ಚಳ ಇತ್ತು. ಕಾಲು ಬೆಚ್ಚಗಿದ್ದವು” ಎಂದಳು. ಅಷ್ಟೇ ಮಾತು.

ಈಗಲೂ ಮಾರಯ್ಯನವರ ಪ್ರಸಂಗವನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಹಿಂದೆ ಅರಸೊತ್ತಿಗೆಯ ತ್ಯಾಗವನ್ನೇ ವಿಸ್ತರಿಸಿ ವರ್ಣಿಸುತ್ತಿದ್ದೆವು. ಈಗ ಕಟ್ಟಿಗೆಯ ಹೊರೆಯ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಹೊರೆಯ ನಡುವಿನ ಕಟ್ಟಿಗೆ ಕೊಳ್ಳುವವರ ಕಣ್ಣಿಗೆ ಬೀಳದು. ಅದು ಹಸಿಯೋ ಒಣಗಿದ್ದೋ ಎಂಬುದು ಒಲೆಯ ಮುಂದೆ ಕುಳಿತ ತಾಯಿಗೆ ಮಾತ್ರ ತಿಳಿಯುತ್ತದೆ. ಹಲಗೆಯ ಮರೆಯಲ್ಲಿ ನಾವು ಬಿಗಿದ ಆ ಸಂದನ್ನೂ ಇನ್ನು ಯಾರೂ ನೋಡಲಾರರು. ನೋಡದಿದ್ದರೂ ಅದು ಸೋರದಂತಿರಬೇಕು. ಕಾಯಕದ ಅರ್ಥ ನಮಗೆ ಇಷ್ಟು ತಡವಾಗಿ, ಮಗನ ಕೈಕೆಳಗೆ, ಒಂದು ರಬ್ಬರಿನ ಉಂಗುರದಿಂದ ತಿಳಿಯಿತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ.